ಖಂಡೇಪೂಜೆಗೆ ನಿಲ್ಲಿಸಿದ ಕಂಪ್ಯೂಟರುಗಳು

ಆಗ ನನಗೆ ಐವತ್ತೆಂಟು. ಆರು ವರ್ಷದ ಹಿಂದಿನ ಮಾತು. ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಕಸ ಹೊಡೆಯುವುದು, ಬೀಗ ಹಾಕುವುದು ನನ್ನ ಕೆಲಸ. ಓದಿದ್ದು ಎರಡನೇ ಕ್ಲಾಸು.

ದಸರಾ ರಜೆ, ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಪೂಜೆಗೆ ಕೂರಿಸಿದ ಮೇಲೆ ನಾವು ಕುಡಗೋಲನ್ನೂ ಮುಟ್ಟುವುದಿಲ್ಲ. ಆಯುಧಕ್ಕೆ ಅದೊಂದೇ ಬಿಡುವು. ತೊಳೆದು ಒರೆಸಲೆಂದು ಕಂಪ್ಯೂಟರ್ ಕೋಣೆಗೆ ಹೋದರೆ ಇಪ್ಪತ್ತು ಡಬ್ಬಿಗಳೂ ಗುಂಯ್ ಎನ್ನುತ್ತಿದ್ದವು. ಪರದೆಗಳು ಕಪ್ಪಗಿದ್ದವು, ಮುಂದೆ ಒಂದು ನರಪಿಳ್ಳೆ ಇಲ್ಲ. ಮರೆತು ಹೋದವರನ್ನು ಬೈಯುತ್ತ ಮೇನ್ ಸ್ವಿಚ್ ಇಳಿಸಿದೆ. ಒಂದೊಂದಕ್ಕೂ ವಿಭೂತಿ ಬಳಿದೆ.

ಮರುದಿನ ಪ್ರಿನ್ಸಿಪಾಲರು ಕಾಯಿ ಒಡೆದರು. ಕಂಪ್ಯೂಟರ್ ಕಲಿಸುವ ಮೇಡಂ ಹರಪನಹಳ್ಳಿಯಿಂದ ಬಸ್ಸು ಹತ್ತಿ ಬರುವಾಗ ತಡವಾಗಿತ್ತು. ಕೋಣೆಯಲ್ಲಿ ಸದ್ದಿಲ್ಲದ್ದು ಕಂಡು ಅವರ ಮುಖ ಬಿಳಿಚಿತು.

"ಅವ್ವಾ, ಯಾರ್ ಬಂದ್ ಮಾಡಿದ್ರು?"

"ನಾನೇ. ನಿನ್ನಿ."

"ಅಯ್ಯೋ, ಅವು ದುಡಿಯಾಕ ಹತ್ತಿದ್ವಲ್ಲವ್ವಾ!"

"ಯಾರೂ ಇಲ್ದಾಗ ಏನ್ ದುಡಿತಾವ್ರಿ? ದೆವ್ವ ಹೊಕ್ಕಾವೇನು?"

ಮೇಡಂ ಕುರ್ಚಿಯಲ್ಲಿ ಕುಸಿದರು. "ಕ್ಷಯಕ್ಕ ಹೊಸ ಔಷಧ ಹುಡುಕೋ ಲೆಕ್ಕ ಅದು. ಭಾಳ ದೊಡ್ಡದು. ಚೂರುಚೂರು ಮಾಡಿ ದೇಶದೇಶದಾಗ ಹಂಚ್ಯಾರ. ಖಾಲಿ ಇದ್ದ ಕಂಪ್ಯೂಟರ್ ಪುಗಸಟ್ಟೆ ಮಾಡಿಕೊಡ್ತಾವ. ಸರ್ ಒಪ್ಪಿದ್ರು, ಅದಕ್ಕ ಹಚ್ಚಿ ಹೋಗಿದ್ದೆ. ನಿನಗ ಹೇಳಲಿಲ್ಲ ನೋಡು."

"ನಾವು ಕುಂತು ಪಗಾರ ತಿಂತೀವಿ, ಅವು ಪಗಾರಿಲ್ದ ದುಡಿತಾವ" ಎಂದ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್.

ಹಂಪಸಾಗರಕ್ಕೆ ಕೊಟ್ಟ ನನ್ನ ಅಕ್ಕ ಕ್ಷಯದಲ್ಲಿ ಸತ್ತಳು. ತಪ್ಪದೇ ಗುಳಿಗೆ ನುಂಗಿದಳು, ಅವು ಅವಳಿಗೆ ನಾಟಲಿಲ್ಲ. ಬೇರೆ ಗುಳಿಗೆ ಹುಡುಕುವ ಕೆಲಸ ನಾನು ದಿನಾ ಧೂಳು ಹೊಡೆಯುವ ಡಬ್ಬಿಯೊಳಗೆ ನಡೆದಿತ್ತು. ನಿಲ್ಲಿಸಿದವಳು ನಾನು.

"ಎಲ್ಲಾ ಹಾಳಾತೇನ್ರಿ?"

"ಮಾಡಿದಷ್ಟು ಉಳದಿರತೈತಿ. ಇನ್ನ ಏಳೆಂಟು ತಾಸಿಂದು ಐತಿ. ನಾಳೆ ಸಂಜಿಗೆ ಗಡುವು. ತಪ್ಪಿದ್ರ ನಮ್ಮ ಪಾಲು ಬ್ಯಾರೇರಿಗೆ ಹೋಗತೈತಿ, ಅವರು ಮೊದಲಿಂದ ಮಾಡಬೇಕು." ಮೇಡಂ ಎದ್ದರು. "ಸರ್, ಈಗ್ಲೇ ಹಚ್ಚಲೇನ್ರಿ?"

"ಕಾಯಿ ಒಡದೀನಲ್ಲಮ್ಮಾ. ನಾಳೆ ಸಂಜಿ ಬನ್ನಿ ಮುಡಿದ ಮ್ಯಾಲೆ ಹಚ್ಚರಿ" ಎಂದರು ಪ್ರಿನ್ಸಿಪಾಲರು.

"ಅಷ್ಟೊತ್ತಿಗೆ ಗಡುವು ಮುಗಿತೈತ್ರಿ."

"ಪೂಜಿ ಅಂದ್ರ ಪೂಜಿ."

ಮೇಡಂ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೊರಟರು. ಪೂಜೆಗೆ ಕೂರಿಸಿದವಳೇ ನಾನು, ಯಾವ ಬಾಯಿಂದ ಮಾತಾಡಲಿ? ಬೀಗ ಹಾಕಿ ಮನೆಗೆ ಹೋದೆ.

ಮರುದಿನ ಹೊತ್ತು ಮೂಡುವಾಗಲೇ ಕಾಲೇಜಿಗೆ ಹೋಗಿ ಬೀಗ ತೆಗೆದೆ. ದೇವರಿಗೆ ಕೈಮುಗಿದು ಹೂವೆಲ್ಲ ತೆಗೆದಿಟ್ಟೆ. ಮೇನ್ ಎತ್ತಿ, ಇಪ್ಪತ್ತರ ಗುಂಡಿಯನ್ನೂ ಒತ್ತಿದೆ. ಮೇಡಂಗೆ ಫೋನ್ ಮಾಡಿ, "ಮೊದಲ ಬಸ್ಸಿಗೆ ಬರ್ರಿ, ಎಲ್ಲಾ ಹಚ್ಚೀನಿ" ಎಂದೆ. ಅವರು ಬರುವತನಕ ಯಾರೂ ಒಳಗೆ ಬರಬಾರದೆಂದು ಅಗಳಿ ಹಾಕಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ.