ಪಾವಟಿಗೆ ಬುಡದ ಕೀಲಿಕೈ

ತಿಕೋಟಾದ ಜಮಾತಿನ ಕಟ್ಟಡಕ್ಕೆ ಮಾಳಿಗೆ ಏರಲು ಹೊರಗಿನಿಂದ ಒಂದು ಕಲ್ಲಿನ ಪಾವಟಿಗೆ ಇತ್ತು. ಆ ಪಾವಟಿಗೆಯ ಹೊಟ್ಟೆಯೊಳಗೆ ಒಂದು ಕತ್ತಲ ಕೋಣೆ. ಎತ್ತರದ ತುದಿಗೆ ಒಂದು ಕುಳ್ಳ ಬಾಗಿಲು. ಒಳಗೆ ಹೋದಂತೆಲ್ಲ ತಲೆಯ ಮೇಲಿನ ಕಲ್ಲು ಇಳಿಯುತ್ತ ಇಳಿಯುತ್ತ ಕೊನೆಗೆ ನೆಲಕ್ಕೇ ಹತ್ತಿಬಿಡುತ್ತಿತ್ತು. ಊರಿನ ಮದುವೆ, ಮುಂಜಿ, ಸತ್ತದ್ದು ಕೆಟ್ಟದ್ದು ಎಲ್ಲಕ್ಕೂ ಬೇಕಾಗುವ ಅಡುಗೆಯ ತಾಮ್ರದ ದೊಡ್ಡ ಡೇಗುಗಳು, ಅಗಲ ತಟ್ಟೆಯಂಥ ಪರಾತಗಳು, ಸೌಟು, ಮುಚ್ಚಳ, ಜಮಖಾನ ಇರುತ್ತಿದ್ದುದು ಅಲ್ಲೇ. ಬೇಕಾದವರು ಬಾಗಿಲಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಒಯ್ಯುತ್ತಿದ್ದರು, ಕೆಲಸ ಮುಗಿದ ಮೇಲೆ ಅದೇ ಬಾಗಿಲಲ್ಲಿ ಒಗೆದು ಹೋಗುತ್ತಿದ್ದರು. ಹಿಂದೆ ಏನಿದೆ ಎಂದು ಬಗ್ಗಿ ನೋಡಿದವರಿಲ್ಲ.

ಆ ಭಾಂಡೆಗಳಿಗೆ ಕಲಾಯಿ ಹಾಕುವವನು ಜಿಲಾನಿ. ಅವನಿಗೆ ಅಕ್ಕ ಮಾಸುಮಬಿ. ನಲವತ್ತರ ಹತ್ತಿರ ಬಂದಿದ್ದರೂ ಅವಳ ಎತ್ತರ ಮಾತ್ರ ಸಾಲಿಗೆ ಹೋಗುವ ಹುಡುಗಿಯಷ್ಟೇ. ಯಾಕೆ ಬೆಳೆಯಲಿಲ್ಲವೋ ಯಾರಿಗೂ ತಿಳಿಯದು. ಎರಡು ಕಡೆಯಿಂದ ನೋಡಲು ಬಂದವರು ಚಹಾ ಕುಡಿದು ಹೋದರು, ಆಮೇಲೆ ಯಾರೂ ಬರಲಿಲ್ಲ. ಅಪ್ಪ ತೀರಿದ ಮೇಲೆ ಅವಳು ತಮ್ಮನ ಎದುರು ಕೂತು ತಿದಿ ಒತ್ತತೊಡಗಿದಳು. ಕೆಂಡ ಎಷ್ಟು ಕಾಯಬೇಕು, ನವಸಾಗರದ ಪುಡಿ ಯಾವಾಗ ಉದುರಿಸಬೇಕು, ಕರಗಿದ ತವರವನ್ನು ಅರಳೆಯಿಂದ ಹೇಗೆ ಒರೆಸಬೇಕು, ಎಲ್ಲ ಅವಳಿಗೆ ಕೈಯಲ್ಲೇ ಬಂದಿತ್ತು. ಊರವರು ಅವಳನ್ನು ಗಿಡ್ಡಬಿ ಅನ್ನುತ್ತಿದ್ದರು. ಹಾಗೆ ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಮಾಸುಮಬಿ ಎಂದು ಕರೆಯುವವರೆಗೂ ಕಾಯುತ್ತಿದ್ದಳು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಪೀರಾಂಬಿ ಎಂಬವಳ ಮಗಳ ಮದುವೆಯಾಯಿತು. ಬೀಗರು ವಿಜಾಪುರದವರು, ಮಂದಿ ಭಾಳ. ಇದ್ದಬದ್ದ ಭಾಂಡೆಯನ್ನೆಲ್ಲ ಹೊರಗೆ ಎಳೆದರು. ಹುಣಸೆ ಹುಳಿ ಹಿಂಡಿದ ಬೇಳೆಯ ದಾಲ್ಚಾ ಒಂದು ದೊಡ್ಡ ಡೇಗಿನಲ್ಲಿ ಮುಂಜಾನೆಯಿಂದ ನಿಂತಿತ್ತು. ಸಂಜೆಯ ಹೊತ್ತಿಗೆ ಅದನ್ನು ಉಂಡವರಿಗೆ ಹೊಟ್ಟೆ ತೊಳಸಿ ವಾಂತಿ ಶುರುವಾಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ತಾಮ್ರದ ಕಿಲುಬು ಹುಳಿಗೆ ಇಳಿದಿದೆ ಎಂದು ದವಾಖಾನೆಯಲ್ಲಿ ಹೇಳಿದ್ದೇ ತಡ, ಪೀರಾಂಬಿ ಜಿಲಾನಿಯ ಬಾಗಿಲಿಗೆ ಬಂದು ನಿಂತಳು.

"ನಿನ್ನ ಕಲಾಯಿಗೆ ಬೆಂಕಿ ಬೀಳ್ಲಿ! ತವರ ಉಳಿಸಿಕೊಂಡು ನನ್ನ ಬೀಗರಿಗೆ ಇಷಾ ಉಣಿಸಿದೆಲ್ಲೋ!"

"ಆ ಡೇಗು ನನ್ನ ಕಡೆ ಬಂದೇ ಇಲ್ಲವ್ವಾ" ಎಂದ ಜಿಲಾನಿ. ಆ ಗದ್ದಲದಲ್ಲಿ ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಮರುವಾರದಿಂದ ಊರಿನ ಭಾಂಡೆಗಳು ಬಸ್ಸು ಹತ್ತಿ ವಿಜಾಪುರದ ಕಲಾಯಿಯವರ ಕಡೆ ಹೋಗತೊಡಗಿದವು. ಜಿಲಾನಿ ತಿದಿಯನ್ನು ಗೋಡೆಯ ಗೂಟಕ್ಕೆ ನೇತುಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಮಾಸುಮಬಿ ಮಲಗಲಿಲ್ಲ. ಪಾವಟಿಗೆ ಕೋಣೆಯ ಕೀಲಿಕೈ ಇದ್ದುದು ಜಮಾತಿನ ಹಿರಿಯ, ಹತ್ತಿ ವ್ಯಾಪಾರದ ಸೈಫುದ್ದೀನನ ಹತ್ತಿರ. ಅವನನ್ನೇ ಕರೆದುಕೊಂಡು ಹೋಗಿ ಬಾಗಿಲು ತೆಗೆಸಿದಳು. ಬೇರೆಯವರಾದರೆ ಎರಡು ಹೆಜ್ಜೆಗೇ ಮೊಳಕಾಲೂರಬೇಕು. ಅವಳು ನಡೆದುಕೊಂಡೇ ಅರ್ಧದಾರಿ ಹೋದಳು, ಆಮೇಲೆ ತೆವಳಿದಳು. ಕೈಯಲ್ಲಿ ಕಂದೀಲು. ಬಾಗಿಲ ಬದಿಯ ಭಾಂಡೆಗಳ ಒಡಲು ಬೆಳ್ಳಗೆ ಹೊಳೆಯುತ್ತಿತ್ತು, ಅದೆಲ್ಲ ಜಿಲಾನಿಯ ಕೈ. ಹಿಂದಕ್ಕೆ ಹೋದಂತೆ ಬಿಳುಪು ಸವೆದು ಮಾಸಲಾಯಿತು. ತೀರ ಒಳಗಿನವು ಬರೀ ಕೆಂಪು ತಾಮ್ರ, ಅಲ್ಲಲ್ಲಿ ಹಸಿರು ಕಿಲುಬು. ದಾಲ್ಚಾದ ಡೇಗು ಇವುಗಳಲ್ಲೇ ಒಂದು, ಅವಳಿಗೆ ಎಲ್ಲ ತಿಳಿಯಿತು. ದಿನಾ ಬೇಕಾಗುವುದು ಮುಂದಿನವು, ಕಲಾಯಿಗೆ ಬರುವುದೂ ಅವೇ, ತಿರುಗಿ ಮುಂದೆಯೇ ಕೂರುವುದೂ ಅವೇ. ಹಿಂದಿನವು ದೊಡ್ಡ ಮದುವೆ ಬಂದಾಗ ಮಾತ್ರ ಹೊರಬಿದ್ದು, ನೆಲಕ್ಕೆ ಉಜ್ಜಿಸಿಕೊಂಡು, ಹಾಗೇ ಹಿಂದಕ್ಕೆ ಹೋಗುತ್ತಿದ್ದವು.

ಜೇಡರ ಬಲೆ ಒರೆಸಿಕೊಳ್ಳುತ್ತ ಹೊರಗೆ ಬಂದು ಅವಳು ಹೇಳಿದ್ದನ್ನೆಲ್ಲ ಸೈಫುದ್ದೀನ ಕೇಳಿಸಿಕೊಂಡ.

"ನೀ ಹೇಳೋದು ಇದ್ದರೂ ಇರಬಹುದು. ಆದರ ಸಾಕ್ಷಿ ಏನೈತಿ, ಮಾಸುಮಬಿ?"

"ಸಾಕ್ಷಿ ನನಗ ಬ್ಯಾಡ್ರಿ. ಕೀಲಿಕೈ ಬೇಕು."

"ಕೀಲಿಕೈ ತಗೊಂಡು ಏನು ಮಾಡತಿ?"

"ಹಿಂದ ಮುಂದ ಅನ್ನೋದೇ ಇರದಂಗ ಮಾಡತೇನಿ. ಯಾವ ಭಾಂಡೆ ಬೇಕಂದರೂ ಉಳಿದದ್ದು ಎಳೀದೇ ಅದೊಂದೇ ಕೈಗೆ ಸಿಗಬೇಕು. ಕೆಂಪಾಗಿದ್ದು ಎಲ್ಲಾರ ಕಣ್ಣಿಗೂ ಬೀಳಬೇಕು."

ಸೈಫುದ್ದೀನ ನಕ್ಕ. ಕೆಟ್ಟ ಮನಸ್ಸಿನ ನಗೆಯಲ್ಲ ಅದು. "ಜಮಾತಿನ ಸಾಮಾನು ಹೆಣ್ಣಮಗಳ ಕೈಯಾಗ ಕೊಟ್ಟರ ಮಂದಿ ನನಗ ಏನಂದಾರು? ನೋಡೂಣು, ಹೋಗು."

ಮುಂದಿನ ಶುಕ್ರವಾರ ನಮಾಜು ಮುಗಿದು ಅವನು ಹೊರಬರುವಾಗ ಮಾಸುಮಬಿ ಪಾವಟಿಗೆಯ ಪಕ್ಕ ನಿಂತಿದ್ದಳು. "ಏನು ನೋಡಿದ್ರಿ?" ಎಂದಳು. "ನೋಡೂಣು" ಎಂದ ಅವನು. ಅದರ ಮುಂದಿನ ಶುಕ್ರವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಮಳೆಗಾಲ ಬಂದಿತು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತು ಕೇಳಿದಳು. ಸೈಫುದ್ದೀನ ಹಿಂದಿನ ಬಾಗಿಲಿನಿಂದ ಹೋಗತೊಡಗಿದ. ಅವಳು ಹಿಂದಿನ ಬಾಗಿಲಿಗೆ ಹೋಗಿ ನಿಂತಳು.

ಮನೆಯಲ್ಲಿ ಜಿಲಾನಿಗೆ ಇದು ಸೇರಲಿಲ್ಲ. "ಬಿಡ ಬೇ ಅಕ್ಕಾ. ನಾ ವಿಜಾಪುರಕ್ಕ ಹೋಗಿ ಯಾರದರೆ ಅಂಗಡ್ಯಾಗ ದುಡೀತೇನಿ."

"ಹೋದರ, ತಪ್ಪು ಮಾಡಿದಾಂವ ಓಡಿ ಹೋದಾ ಅಂತಾರ. ಇಲ್ಲೇ ಇರು. ಉಪಾಸ ಬಿದ್ದರ ಇಬ್ಬರೂ ಕೂಡೇ ಬೀಳೂಣು" ಎಂದಳು. ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಅವಳು ಪಾವಟಿಗೆಯ ಆಕಾರ ಬರೆದಿದ್ದಳು. ಅದರ ಹೊಟ್ಟೆಯಲ್ಲಿ ಎಲ್ಲಿ ಡೇಗು, ಎಲ್ಲಿ ಪರಾತ, ಎಲ್ಲಿ ಸೌಟು ಎಂದು ದಿನಾ ಬರೆಯುವುದು, ದಿನಾ ಅಳಿಸುವುದು.

ಶ್ರಾವಣದ ಒಂದು ಮುಂಜಾನೆ ಸೈಫುದ್ದೀನನ ತಾಯಿ ರಹಿಮಾಬಿ ತೀರಿಕೊಂಡಳು. ಮೈಯತ್ತಿಗೆ ಕೊನೆಯ ಸ್ನಾನದ ನೀರು ಹಾಕಬೇಕು, ನೀರು ಕಾಯಿಸಲು ಅದಕ್ಕೆಂದೇ ಇಟ್ಟ ಹಂಡೆ ಬೇಕು. ಅದು ತೀರ ಹಿಂದಿತ್ತು. ಅದಕ್ಕಿಂತ ಹಿಂದಿನ ವಾರವಷ್ಟೇ ಯಾರದೋ ಮುಂಜಿ ಮುಗಿದು ಡೇಗುಗಳನ್ನೆಲ್ಲ ಬಾಗಿಲಿಗೆ ಒತ್ತೊತ್ತಾಗಿ ತುರುಕಿದ್ದರು. ಗಂಡಸರು ಎಳೆದರು, ಡೇಗುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಮಳೆ ಸುರಿಯುತ್ತಿತ್ತು. ಮನೆಯಲ್ಲಿ ಹೆಂಗಸರು ನೀರಿಗಾಗಿ ಕಾಯುತ್ತಿದ್ದರು. ಸೈಫುದ್ದೀನ ಒದ್ದೆಯಾಗಿ ನಿಂತು, ತಾಯಿಗೆ ಕೊನೆಯ ನೀರು ಹಾಕಲೂ ಹೀಗೆ ಹೊತ್ತಾಗುತ್ತಿದೆಯಲ್ಲ ಎಂದು ತುಟಿ ಕಚ್ಚುತ್ತಿದ್ದ.

ಮಾಸುಮಬಿಗೆ ಯಾರೂ ಹೇಳಿ ಕಳಿಸಲಿಲ್ಲ, ತಾನೇ ಬಂದಳು. "ಸರೀರಿ ಸ್ವಲ್ಪ" ಎಂದವಳೇ ಡೇಗುಗಳ ಮೇಲಿನ ಸಂದಿಯಲ್ಲಿ ಹೊಟ್ಟೆಯ ಮೇಲೆ ಜಾರಿ ಒಳಗೆ ಇಳಿದಳು. ಒಳಗಿನಿಂದ ಬೆನ್ನು ಗೋಡೆಗೆ ಕೊಟ್ಟು, ಎರಡೂ ಕಾಲಿನಿಂದ ಒದ್ದಳು. ಸಿಕ್ಕಿಕೊಂಡಿದ್ದ ಡೇಗು ಸಡಿಲವಾಯಿತು. ಒಂದೊಂದಾಗಿ ಹೊರಗೆ ಬಂದವು. ಕಡೆಗೆ ಹಂಡೆಯನ್ನು ತಲೆಯಿಂದ ನೂಕುತ್ತ ಅವಳೂ ಬಂದಳು. ಮೊಳಕೈ ತರಚಿ ರಕ್ತ ಬರುತ್ತಿತ್ತು. ಅವಳು ಆವತ್ತು ಕೀಲಿಕೈಯ ಮಾತೇ ಎತ್ತಲಿಲ್ಲ. ಹೆಂಗಸರ ಜೊತೆ ಕೂತು ನೀರು ಕಾಯಿಸಿಕೊಟ್ಟು ಮನೆಗೆ ಹೋದಳು.

ತಾಯಿಯ ನಲವತ್ತನೆಯ ದಿನದ ಫಾತೆಹಾ ಮುಗಿದ ಮೇಲೆ ಸೈಫುದ್ದೀನ ತಾನೇ ಜಿಲಾನಿಯ ಮನೆಗೆ ಬಂದ. ಕೀಲಿಕೈಯನ್ನು ಕಟ್ಟೆಯ ಮೇಲೆ ಇಟ್ಟ. "ಏನೇನು ಬೇಕು ಹೇಳು" ಎಂದ.

"ಮೊದಲ ಒಬ್ಬ ಗೌಂಡಿ ಬೇಕ್ರಿ. ಬಾಗಲಾ ತಪ್ಪು ಜಾಗಾದಾಗೈತಿ."

ಅವಳ ಯೋಚನೆ ಇದು: ಬಾಗಿಲು ತುದಿಗೆ ಇರುವುದರಿಂದಲೇ ಹಿಂದಿನದು ಹಿಂದೆ ಉಳಿಯುತ್ತದೆ. ಪಾವಟಿಗೆಯ ಉದ್ದಕ್ಕೂ ಇರುವ ಪಕ್ಕದ ಗೋಡೆಯನ್ನು ಒಡೆದರೆ ಎತ್ತರದ ಜಾಗ, ನಡುವಿನ ಜಾಗ, ಗಿಡ್ಡ ಜಾಗ ಎಲ್ಲವೂ ಎದುರಿಗೇ ಸಿಗುತ್ತವೆ. ಕೇಳಿದ ಗಂಡಸರಿಗೆ ದಿಗಿಲಾಯಿತು. ಗೋಡೆ ಒಡೆದರೆ ಪಾವಟಿಗೆ ನಿಲ್ಲುತ್ತದೆಯೆ?

ಬಬಲೇಶ್ವರದಿಂದ ಅಮೋಘಿ ಎಂಬ ಗೌಂಡಿ ಬಂದ. ಗೋಡೆಗೆ ಕಿವಿಯಿಟ್ಟು ಸುತ್ತಿಗೆಯಿಂದ ಬಡಿದು ನೋಡಿದ. ಒಳಗೆ ತೆವಳಿ ಕಲ್ಲು ಮುಟ್ಟಿ ನೋಡಿದ. "ಈ ಗ್ವಾಡಿ ಏನೂ ಭಾರ ಹೊತ್ತಿಲ್ಲರಿ. ಆಡು ಕುರಿ ಹೊಕ್ಕಾವಂತ ಯಾರೋ ಆಮ್ಯಾಲೆ ಕಟ್ಟ್ಯಾರ. ಪಾವಟಿಗಿ ನಿಂತಿದ್ದು ಒಳಗಿನ ಕಮಾನಿನ ಮ್ಯಾಲ. ನಡುವ ಎರಡು ಕಂಬ ಬಿಡತೇನಿ, ಉಳಿದದ್ದು ತಗೀತೇನಿ."

ಆದರೂ ಗುಸುಗುಸು ನಿಲ್ಲಲಿಲ್ಲ. ಮಾಸುಮಬಿ ಸೀರೆ ಸೆರಗು ಬಿಗಿದು ಪಾವಟಿಗೆ ಏರಿ ನಟ್ಟನಡುವಿನ ಮೆಟ್ಟಿಲ ಮೇಲೆ ಕೂತಳು. "ಒಡಿ ಅಮೋಘಿ. ಬಿದ್ದರ ನಾ ಬೀಳತೇನಿ" ಎಂದಳು. ಮೊದಲ ಏಟಿಗೆ ಕೆಳಗಿನ ಕಲ್ಲು ಅದುರಿದ್ದು ಅವಳ ಬೆನ್ನಿಗೆ ತಿಳಿಯಿತು. ಆದರೂ ಏಳಲಿಲ್ಲ. ಗೋಡೆ ಇಳಿಯುವವರೆಗೆ ಅಲ್ಲೇ ಕೂತಿದ್ದಳು. ಪಾವಟಿಗೆ ಅಲುಗಲಿಲ್ಲ.

ಆಮೇಲಿನ ಕೆಲಸ ಮಾತ್ರ ಅವಳು ಅಂದುಕೊಂಡಂತೆ ಆಗಲಿಲ್ಲ. ಡೇಗುಗಳನ್ನು ಗಾಲಿ ಹಲಗೆಯ ಮೇಲಿಟ್ಟರೆ ಬೆರಳಿನಿಂದ ಎಳೆಯಬಹುದು ಎಂದು ಅವಳ ಲೆಕ್ಕ. ಧೂಳಪ್ಪ ಎಂಬ ರೈತ ಮುರಿದ ಚಕ್ಕಡಿಯ ಹಲಗೆ ಕೊಟ್ಟ. ತೊರವಿಯ ಮೇಲೆ ಹಾಯುವ ಬಸ್ಸು ಹಿಡಿದು ವಿಜಾಪುರಕ್ಕೆ ಹೋಗಿ, ಗುಜರಿ ಅಂಗಡಿಗಳಲ್ಲಿ ದಿನವಿಡೀ ಹುಡುಕಿ, ಹಿಟ್ಟಿನ ಗಿರಣಿಯ ಹಳೆಯ ಬೇರಿಂಗುಗಳನ್ನು ಚೀಲದಲ್ಲಿ ಹೊತ್ತು ತಂದಳು. ಎಲ್ಲರೆದುರು ದೊಡ್ಡ ಡೇಗನ್ನು ಹಲಗೆಯ ಮೇಲಿಟ್ಟು ಎಳೆದದ್ದೇ ಬಂತು, ಗಾಲಿ ಮಣ್ಣಿನ ನೆಲಕ್ಕೆ ಕಚ್ಚಿ ಹಲಗೆ ವಾಲಿ ಡೇಗು ಅವಳ ಎಡಗೈ ಮೇಲೆ ಬಿತ್ತು. ಎರಡು ಬೆರಳು ಜಜ್ಜಿದವು. ನಿಂತವರಲ್ಲಿ ಯಾರೋ, "ಗಿಡ್ಡಬಿ, ಆಟದ ಗಾಡಿ ಮಾಡಿದೇನವಾ?" ಎಂದು ನಕ್ಕರು.

ಮನೆಯಲ್ಲಿ ಅರಿಶಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತ ಜಿಲಾನಿ, "ಇನ್ನ ಸಾಕು ಮಾಡು ಬೇ" ಎಂದ. ಅವಳು ಗೋಡೆಯ ಚಿತ್ರ ನೋಡುತ್ತಿದ್ದಳು. ಕಡೆಗೆ ಅವನೇ, ಸಿಟ್ಟಿನಲ್ಲೇ, ಹೇಳಿದ: "ಡೇಗು ಎಳಿಯೋ ಜಿನಸಲ್ಲ. ಕಲಾಯಿ ಮಾಡಾಗ ನಾವು ಹೆಂಗ ತಿರಗಸತೇವಿ? ವಾರೆ ಮಾಡಿ ಅಂಚಿನ ಮ್ಯಾಲ ಉರುಳಸತೇವಿ. ನೆಲ ನುಣ್ಣಗಿದ್ದರ ಒಂದೇ ಕೈ ಸಾಕು."

ಮಾಸುಮಬಿ ತಮ್ಮನ ಕಡೆ ತಿರುಗಿದಳು. ಇಷ್ಟು ತಿಂಗಳಲ್ಲಿ ಅವನು ಕೆಲಸದ ಮಾತು ಆಡಿದ್ದು ಅದೇ ಮೊದಲು. "ಹಂಗಾರ ನಾಳೆ ನೀನೂ ಬಾ" ಎಂದಳು. ಅವನು ಹೋದ.

ಅಮೋಘಿ ನೆಲಕ್ಕೆ ಫರಸಿಕಲ್ಲು ಹಾಸಿದ, ಹೊರಗಿನ ಕಡೆ ತುಸುವೇ ಇಳಿಜಾರು. ಎತ್ತರದ ಜಾಗದಲ್ಲಿ ಡೇಗುಗಳು ಸಾಲಾಗಿ ನಿಂತವು, ಯಾವುದನ್ನು ವಾರೆ ಮಾಡಿದರೂ ಉಳಿದದ್ದಕ್ಕೆ ತಾಗದಂತೆ. ನಡುವಿನ ಜಾಗದಲ್ಲಿ ಧೂಳಪ್ಪನ ಹಲಗೆಗೆ ಕಚ್ಚು ಹೊಡೆದು ಪರಾತಗಳನ್ನು ಅಂಚಿನ ಮೇಲೆ ನಿಲ್ಲಿಸಿದರು. ಅವು ಹಗುರ, ಕಲ್ಲಿನ ಮೇಲೆ ಗಾಲಿಯೂ ಚೆನ್ನಾಗಿಯೇ ಓಡಿತು. ತೀರ ಗಿಡ್ಡ ಜಾಗ, ಇಲಿ ಹೊರತು ಯಾರಿಗೂ ಬೇಡವಾಗಿದ್ದದ್ದು, ಸೌಟು ಮುಚ್ಚಳಗಳಿಗಾಯಿತು. ಜಮಖಾನಗಳಿಗೆ ಮೇಲೆ ಅಡ್ಡಗೋಲು. ಮುಂದೆ ಮೂರು ಜಾಳಿಗೆ ಬಾಗಿಲು, ಒಳಗೆ ಗಾಳಿಯಾಡಲೆಂದು.

ಮಾಸುಮಬಿ ಸೈಫುದ್ದೀನನಿಂದ ಒಂದು ಕಟ್ಟಳೆಯನ್ನೂ ಮಾಡಿಸಿದಳು. ತಿರುಗಿ ಬಂದ ಭಾಂಡೆ ಸೀದಾ ಒಳಗೆ ಹೋಗಕೂಡದು. ಬೆಳಕಿನಲ್ಲಿ ಒಡಲು ನೋಡಬೇಕು, ಕೆಂಪು ಕಂಡರೆ ಕಲಾಯಿ ಆದ ಮೇಲೇ ಒಳಗೆ. ಶುಕ್ರವಾರದ ನಮಾಜಾದ ಮೇಲೆ ಸೈಫುದ್ದೀನ ಇದನ್ನು ಎಲ್ಲರಿಗೂ ಹೇಳಿದ. ಹೇಳಿ, "ಮೊದಲಿನ ತಪ್ಪು ಜಿಲಾನೀದಲ್ಲ. ನಮ್ಮ ಇಡೂ ರೀತೀದು" ಎಂದೂ ಸೇರಿಸಿದ. ಜಿಲಾನಿ ಕೊನೆಯ ಸಾಲಿನಲ್ಲಿದ್ದ. ತಲೆ ತಗ್ಗಿಸಿಕೊಂಡೇ ಮನೆಗೆ ಬಂದು ಗೂಟದ ಮೇಲಿನ ತಿದಿ ಇಳಿಸಿ, ಬಿರಿದ ತೊಗಲಿಗೆ ಎಣ್ಣೆ ಹಚ್ಚುತ್ತ ಕೂತ.

ಸುಗ್ಗಿಯಾದ ಮೇಲೆ ಧೂಳಪ್ಪನ ಮಗನ ಮದುವೆಗೆ ಡೇಗುಗಳು ಹೊರಟವು. ಒಬ್ಬೊಬ್ಬರೇ ಒಂದೊಂದನ್ನು ಉರುಳಿಸಿಕೊಂಡು ಚಕ್ಕಡಿಗೆ ಏರಿಸಿದರು. ಅದೇ ವಾರ ಪೀರಾಂಬಿ ತನ್ನ ಮನೆಯ ತಾಮ್ರದ ತಪ್ಪಲಿಯನ್ನು ತಂದು ಜಿಲಾನಿಯ ಮುಂದೆ ಇಟ್ಟು, "ಇದಕ್ಕೂ ಹಚ್ಚು" ಎಂದಳು. ತಪ್ಪಾಯಿತು ಅನ್ನಲಿಲ್ಲ. ಮಾಸುಮಬಿಯ ಮನಸ್ಸೂ ಅಷ್ಟಕ್ಕೇ ತಿಳಿಯಾಗಲಿಲ್ಲ. ಆದರೂ "ಕೂಡು, ಚಾ ಕುಡದು ಹೋಗು" ಎಂದಳು. ಆ ತಪ್ಪಲಿಯನ್ನು ಮಾತ್ರ ಯಾರ ಕೈಗೂ ಕೊಡದೆ ತಾನೇ ಉಪ್ಪು ಹುಣಸೆ ಹಾಕಿ, ಬೆರಳ ನೋವು ಮರೆತು, ಉಜ್ಜಿದ್ದೇ ಉಜ್ಜಿದಳು.

ಮೂರನೆಯ ವರ್ಷಕ್ಕೆ ಹೊನವಾಡದಿಂದ ಇಬ್ಬರು ಹಿರಿಯರು ಬಂದರು. ಅಲ್ಲಿಯೂ ಜಮಾತಿಗೆ ಹೊಸ ಮಾಳಿಗೆ ಕಟ್ಟುತ್ತಿದ್ದರು. "ಪಾವಟಿಗಿ ಬುಡಕ್ಕ ಭಾಂಡೆ ಇಡಬೇಕಂತ ಮಾಡೇವಿ. ಮಾಸುಮಬಿ ಅನ್ನೋರು ನೀವೇ ಏನ್ರಿ? ಬಂದು ನೋಡತೀರೇನ್ರಿ?"

ಆ ಬಹುವಚನ ಕೇಳಿ ಜಿಲಾನಿ ಅಕ್ಕನ ಮುಖ ನೋಡಿದ. ಅವಳು ಆಗಲೇ ಸೆರಗು ಹೊದ್ದುಕೊಂಡು ಚಪ್ಪಲಿ ಹುಡುಕುತ್ತಿದ್ದಳು.

"ಗ್ವಾಡಿ ಎಬ್ಬಿಸಿಬಿಟ್ಟೀರೋ ಹೆಂಗ?" ಎಂದು ಕೇಳಿದಳು.

"ಇನ್ನೂ ಇಲ್ಲರಿ."

"ಚಲೋ ಆತು. ನಡೀರಿ, ಬಸ್ಸಿಗೆ ಹೊತ್ತಾಕೈತಿ" ಎಂದು ಅವರಿಗಿಂತ ಮುಂದೆ ಹೊರಬಿದ್ದಳು.