ಬೆನ್ನು ತೋರಿಸದ ಗುರುಗಳು ಮತ್ತು ನಮ್ಮಪ್ಪ

ನಮ್ಮಪ್ಪ ಏಳು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ. ಆದರೆ ಲಿಫ್ಟೆಂದರೆ ಅವನಿಗೆ ಮೈಯೆಲ್ಲ ಉರಿ. ಮೆಟ್ಟಿಲು ಹತ್ತದೆ ಮೇಲೆ ಹೋಗುವ ಆಸೆಯಿಂದಲೇ ಈ ಕಾಲ ಕೆಟ್ಟು ಕುಲಗೆಟ್ಟುಹೋಯಿತು ಎಂದು, ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುತ್ತಲೇ, ಮೂವತ್ತು ವರ್ಷ, ಒಳಗೆ ಹತ್ತಿದವರಿಗೆಲ್ಲ ಭಾಷಣ ಬಿಗಿದ. ಇಳಿಯುವವರನ್ನೂ ಬಿಡುತ್ತಿರಲಿಲ್ಲ.

ಅಪ್ಪನ ಹತ್ತಿರ ರಟ್ಟು ಕಿತ್ತುಹೋದ ಹಳೇ ಪುಸ್ತಕವೊಂದಿತ್ತು. ಅದರ ಪ್ರಕಾರ ಸ್ವರ್ಗಕ್ಕೆ ಏಳು ಅಂತಸ್ತು, ಒಂದೊಂದಕ್ಕೂ ಒಂದು ಗ್ರಹ, ಒಂದು ಲೋಹ, ಒಂದು ಗುಟ್ಟು. ನಮ್ಮ ಕಟ್ಟಡಕ್ಕೂ ಏಳೇ ಅಂತಸ್ತು ಎಂದಮೇಲೆ ಕೇಳಬೇಕೆ! ಮೂರನೇ ಮಹಡಿಯಲ್ಲಿ ವಿಮೆ ಮಾರುವ ಹೆಂಗಸಿಗೆ "ನೀವು ಶುಕ್ರನ ಹಿಡಿತದಲ್ಲಿದ್ದೀರಿ" ಎಂದು ಹೇಳಿ ಸರಿಯಾಗಿ ಬೈಸಿಕೊಂಡ. ಗುಟ್ಟುಗಳನ್ನು ಕಾಯಲು ಒಂದು ರಹಸ್ಯ ಸಂಘವನ್ನೂ ಕಟ್ಟಿದ್ದ. ಸದಸ್ಯರು ಇಬ್ಬರು, ಅಪ್ಪ ಮತ್ತು ಒಬ್ಬ ಗಡಿಯಾರ ರಿಪೇರಿಯವನು. ಅಧ್ಯಕ್ಷಗಿರಿಗಾಗಿ ಜಗಳವಾಡಿ ಅವನು ಬಿಟ್ಟುಹೋದಮೇಲೆ ಅಪ್ಪನೇ ಅಧ್ಯಕ್ಷ, ಅಪ್ಪನೇ ಸಭೆ.

"ಈಗ ಗುಟ್ಟು ಭದ್ರವಾಯ್ತು ಬಿಡಿ," ಎಂದು ಅಮ್ಮ ಕಾಲೆಳೆಯುತ್ತಿದ್ದಳು.

ನಗು ಬಾರದ ಸಂಗತಿಯೂ ಒಂದಿತ್ತು. ನಮ್ಮ ಚರ್ಚಿನ ಹಳೆಯ ಗುರುಗಳು ಪೀಠದ ಕಡೆ ತಿರುಗಿ, ನಮಗೆ ಬೆನ್ನು ಮಾಡಿ, ಲ್ಯಾಟಿನ್ನಿನಲ್ಲಿ ಪೂಜೆ ಅರ್ಪಿಸುತ್ತಿದ್ದರು. ಅವರು ತೀರಿಕೊಂಡಮೇಲೆ ಬಂದ ಚಿಕ್ಕ ವಯಸ್ಸಿನ ಗುರುಗಳು ಜನರ ಕಡೆ ಮುಖ ಮಾಡಿ, ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಶುರುಮಾಡಿದರು. "ದೇವರಿಗೆ ಬೆನ್ನು ತೋರಿಸಿ ಜನಕ್ಕೆ ಹಲ್ಲು ಕಿರಿಯೋದಾ? ಇದೇನು ಪೂಜೇನಾ, ಅಂಗಡಿ ಗಲ್ಲಾನಾ?" ಎಂದು ಎದ್ದು ಬಂದ ಅಪ್ಪ ಒಂಬತ್ತು ವರ್ಷ ಒಳಗೆ ಕಾಲಿಡಲಿಲ್ಲ. ಭಾನುವಾರ ಬಾಗಿಲಾಚೆ ಜಪಮಾಲೆ ಹಿಡಿದು ನಿಲ್ಲುತ್ತಿದ್ದ. ಒಳಗೆ ಅಮ್ಮ, ನಾನು ಇಬ್ಬರೇ.

ಈಗ ಶನಿವಾರ ನನ್ನ ಮದುವೆ. "ಬಾಗಿಲವರೆಗೆ ಕರ್ಕೊಂಡು ಬರ್ತೀನಿ ಮಗಳೇ. ಒಳಗೆ ಮಾತ್ರ ಕರೀಬೇಡ," ಅಂದುಬಿಟ್ಟ. ಗೋಗರೆದೆ, ರೇಗಿದೆ, ಎರಡು ಹೊತ್ತು ಊಟ ಬಿಟ್ಟೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅಪ್ಪನಿಲ್ಲದ ಮದುವೆ ಯಾವ ಸುಖಕ್ಕೆ?

ಮದುವೆಗೆ ಎರಡು ದಿನವಿರುವಾಗ ಅದೇ ಗುರುಗಳು, ಅಪ್ಪನ ಕಟ್ಟಡದಲ್ಲೇ ನಾನು ಕೆಲಸಕ್ಕಿದ್ದ ಆರನೇ ಮಹಡಿಯ ಹಲ್ಲಿನ ಡಾಕ್ಟರ ಹತ್ತಿರ ಬಂದರು. ಅಪ್ಪನ ಭಾಷಣಕ್ಕೆ ಹೆದರಿ ಆರೂ ಮಹಡಿ ಮೆಟ್ಟಿಲು ಹತ್ತಿದ್ದರು! ಹಲ್ಲು ಕೀಳಿಸಿಕೊಂಡಮೇಲೆ ಕಾಲಲ್ಲಿ ಬಲವಿಲ್ಲದೆ, ಇಳಿಯುವಾಗ ಲಿಫ್ಟೇ ಗತಿಯಾಯಿತು. ಅಪ್ಪ ತುಟಿ ಬಿಗಿದು ಗುಂಡಿ ಒತ್ತಿದ. ಆಳುದ್ದ ಇಳಿಯುವಷ್ಟರಲ್ಲಿ ಕರೆಂಟು ಹೋಯಿತು.

ಓಡಿಹೋಗಿ ಜಾಲರಿ ಬಾಗಿಲಿನ ಮುಂದೆ ಬೋರಲು ಮಲಗಿ ಇಣುಕಿದೆ. ಕೆಳಗೆ ಎರಡು ತಲೆ ಕಂಡವು. ಅಪ್ಪನದು ಬೋಳು, ಗುರುಗಳದು ಬೆವರಿನಲ್ಲಿ ತೊಯ್ದದ್ದು.

"ಉಸಿರು ಕಟ್ತಿದೆ... ಏನಾದ್ರೂ ಪ್ರಾರ್ಥನೆ ಹೇಳಿ, ನನ್ನ ನಾಲಿಗೆ ಏಳ್ತಿಲ್ಲ," ಎಂದು ಗುರುಗಳು ತೊದಲಿದರು.

ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಎದೆಯುಬ್ಬಿಸಿ ಲ್ಯಾಟಿನ್ನಿನಲ್ಲಿ ಶುರು ಹಚ್ಚಿಕೊಂಡ.

"ಅಯ್ಯೋ, ಅದು ಬೇಡ. ನಂಗೆ ಅರ್ಥ ಆಗಲ್ಲ."

"ಅಂದ್ರೆ? ಗುರುಗಳಿಗೇ ಲ್ಯಾಟಿನ್ ಬರಲ್ವಾ?"

"ಮೂರು ಸಲ ಫೇಲಾದೆ. ಯಾರಿಗೂ ಹೇಳ್ಬೇಡಿ."

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಕೆಳಗೆ ಅಪ್ಪ ಬೋಳುತಲೆ ಕೆರೆದುಕೊಂಡ.

"ನಿಜ ಹೇಳ್ಬೇಕಂದ್ರೆ ಫಾದರ್," ಎಂದ ಅಪ್ಪ ಸಣ್ಣ ದನಿಯಲ್ಲಿ, "ನಂಗೂ ಅರ್ಥ ಆಗಲ್ಲ. ಎಲ್ಲಾ ಬಾಯಿಪಾಠ."

ಮೊದಲು ನಕ್ಕಿದ್ದು ಯಾರೋ ಗೊತ್ತಿಲ್ಲ. ಇಬ್ಬರೂ ಲಿಫ್ಟು ಅಲುಗಾಡುವ ಹಾಗೆ ನಕ್ಕರು. ಗುರುಗಳು ಅರ್ಧ ಬಾಯಿಯಲ್ಲಿ, ಕೆನ್ನೆ ಹಿಡಿದುಕೊಂಡು, "ನಗಿಸ್ಬೇಡಿ, ಹೊಲಿಗೆ ಬಿಚ್ಚುತ್ತೆ" ಎನ್ನುತ್ತ ನಕ್ಕರು. ಆಮೇಲೆ ಅಪ್ಪ ಕೇಳಿದ: "ಫಾದರ್, ಹೇಗೂ ಇಬ್ರೂ ಸಿಕ್ಕಿಹಾಕ್ಕೊಂಡಿದ್ದೀವಿ. ನನ್ನ ಪಾಪನಿವೇದನೆ ಕೇಳ್ತೀರಾ? ಒಂಬತ್ತು ವರ್ಷದ್ದಿದೆ." ತಲೆಯೆತ್ತಿ ನನ್ನನ್ನು ನೋಡಿ ಗದರಿದ: "ಏಯ್, ನೀನು ಆ ಕಡೆ ಹೋಗು!"

ಕಾರಿಡಾರಿನ ತುದಿಗೆ ಹೋಗಿ ಕಿವಿಯಲ್ಲಿ ಬೆರಳಿಟ್ಟು ಕೂತೆ. ಕದ್ದು ಕೇಳುವ ಆಸೆ ಎಷ್ಟಿತ್ತೆಂದು ದೇವರಿಗೇ ಗೊತ್ತು. ಕರೆಂಟು ಬಂದು, ಗುರುಗಳನ್ನು ಇಳಿಸಿ ಲಿಫ್ಟು ಮತ್ತೆ ಮೇಲೆ ಬಂದಾಗ ಅಪ್ಪನ ಕಣ್ಣು ಕೆಂಪಾಗಿತ್ತು. ಶನಿವಾರದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.

ಶನಿವಾರ ಚರ್ಚಿನ ಬಾಗಿಲಲ್ಲಿ ಅಪ್ಪನ ಕಾಲು ನಿಂತಿತು. ಕಾಲೊರಸಿಗೆ ಎರಡೆರಡು ಸಲ ಬೂಟು ಉಜ್ಜಿ, ಒಳಗೆ ಬಂದೇಬಿಟ್ಟ! ಅಲ್ಲೇ ಕುಣಿಯಬೇಕೆನಿಸಿತು ನನಗೆ. ಮೊದಲ ಬೆಂಚಿನಲ್ಲಿ ಅಮ್ಮ ಸರಿದು ಜಾಗ ಮಾಡಿಕೊಟ್ಟಳು.

ಪೂಜೆ ಶುರುವಾಯಿತು. ಗುರುಗಳು ಅಪ್ಪನನ್ನು ಒಮ್ಮೆ ನೋಡಿ ನಕ್ಕು, ಪೀಠದ ಕಡೆ ತಿರುಗಿ ನಮಗೆಲ್ಲ ಬೆನ್ನು ಮಾಡಿ ನಿಂತರು. ಜನ ಗುಸುಗುಸು ಎಂದರು. ಅಪ್ಪನಿಗೋಸ್ಕರವೇ ಹಾಗೆ ನಿಂತರೆಂದು ಮನೆಯವರಿಗೆಲ್ಲ ಗೊತ್ತಾಯಿತು. ಅಪ್ಪ ಒಂದು ಗಳಿಗೆ ತಡೆದ, ಎರಡು ಗಳಿಗೆ ತಡೆದ. ಆಮೇಲೆ ದಡಕ್ಕನೆ ಎದ್ದ.

"ಫಾದರ್, ಈ ಕಡೆ ತಿರುಗಿ! ನನ್ನ ಮಗಳು ಇವತ್ತು ಇಷ್ಟು ಚೆನ್ನಾಗಿ ಕಾಣ್ತಿದ್ದಾಳೆ, ನೀವು ಗೋಡೆ ನೋಡ್ಕೊಂಡು ನಿಂತ್ರೆ ಹೇಗೆ?"

ಚರ್ಚಿಗೆ ಚರ್ಚೇ ಗೊಳ್ಳೆಂದಿತು. ಅಮ್ಮ ಅವನ ಕೋಟಿನ ತುದಿ ಹಿಡಿದೆಳೆದು ಕೂರಿಸಿದಳು. ಪೂಜೆ ಮುಗಿಯುವವರೆಗೂ ಆ ತುದಿಯನ್ನು ಬಿಡಲೇ ಇಲ್ಲ.