ಷಡ್ಡಕನ ರೈಫಲ್ ನೋಡಿ ನಾನು ಕೂರಿಸಿದ ಮರ

ರೈಫಲ್ಲಿನ ಹೊಸ ಮರಕ್ಕೆ, ಅಂದರೆ ಭುಜಕ್ಕೊತ್ತಿಕೊಳ್ಳುವ ಹಿಡಿಗೆ, ನನಗೆ ಬಿದ್ದದ್ದು ಒಂಬತ್ತು ಸಾವಿರ. ಅಂಗಡಿಯವನು ಹನ್ನೆರಡು ಹೇಳಿದ್ದ. ಎರಡು ಸಲ ಮೆಟ್ಟಿಲಿಳಿದು ಹತ್ತಿ ಇಷ್ಟಕ್ಕೆ ತಂದೆ. ಹಳೆಯ ಮರ ಸೀಳಿತ್ತು, ನಿಜ. ಆದರೆ ತಂತಿ ಸುತ್ತಿ ಅದನ್ನೇ ನಡೆಸುತ್ತಿದ್ದವನು ನಾನು. ದುಡ್ಡು ಬಿಚ್ಚಿಸಿದ್ದು ಸೀಳಲ್ಲ, ನನ್ನ ಷಡ್ಡಕ.

ಆತ ನನ್ನ ಹೆಂಡತಿಯ ತಂಗಿಯ ಗಂಡ. ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುತ್ತಾನೆ. ನನ್ನದು ಕಡೂರಿನ ಹತ್ತಿರ ತೆಂಗಿನ ತೋಟ. ಹಂದಿ ಕಾಟಕ್ಕೆಂದು ಇಬ್ಬರೂ ಲೈಸೆನ್ಸ್ ಮಾಡಿಸಿಕೊಂಡವರು. ಇಬ್ಬರ ಹತ್ತಿರವೂ ಒಂದೇ ಜಾತಿಯ ಬೋಲ್ಟ್ ರೈಫಲ್, ಗುಂಡು ತುಂಬಲು ಬೋಲ್ಟ್ ಎಂಬ ಚಿಲಕವನ್ನು ಹಿಂದಕ್ಕೆಳೆಯುವಂಥದ್ದು. ತರೀಕೆರೆಯ ನಮ್ಮ ಮಾವ ಕಣ್ಣು ಮಂಜಾದ ಮೇಲೆ ತಮ್ಮ ಬಂದೂಕನ್ನು ಠಾಣೆಗೆ ಒಪ್ಪಿಸಿಬಿಟ್ಟರು, ಆದರೆ ಕೈ ತುರಿಕೆ ಹೋಗಿರಲಿಲ್ಲ. ಸಂಕ್ರಾಂತಿಗೆ ಅಳಿಯಂದಿರು ಬಂದೂಕು ತರಬೇಕು, ಅವರು ಜಗಲಿಯಲ್ಲಿ ಕೂತು ಬೋಲ್ಟ್ ಎಳೆದು ನೋಡಬೇಕು. ಆಮೇಲೇ ಎಳ್ಳು ಬೆಲ್ಲ.

ಹೋದ ವರ್ಷ ಷಡ್ಡಕ ಅಕ್ರೋಟು ಮರ ಹಾಕಿಸಿಕೊಂಡು ಬಂದಿದ್ದ. ಮಾವ ಅದನ್ನು ಕೆನ್ನೆಗೆ ಒತ್ತಿಕೊಂಡು, "ಏನ್ ಕೂತ್ಕಂತದಯ್ಯಾ ಭುಜಕ್ಕೆ! ಮಗು ಎತ್ಕಂಡಂಗೈತೆ" ಅಂದರು. ನನ್ನದರ ತಂತಿ ಮುಟ್ಟಿ, "ಇದನ್ನ ಬೇಲಿಯಿಂದ ಬಿಚ್ಕಂಡ್ ಬಂದ್ಯೇನಪ್ಪಾ?" ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ವಾಪಸ್ ಬರುವಾಗ ಕಾರಿನಲ್ಲಿ, "ಅವರದ್ದು ಎಷ್ಟು ಚೆನ್ನಾಗ್ ಹೊಳೀತಿತ್ತು, ಅಲ್ವೇನ್ರೀ?" ಎಂದಳು. ಹಿರಿಯಳಿಯ ನಾನು. ಮಾವನ ಬಾಯಿಂದ, ಅವಳೆದುರಿಗೇ, ನನ್ನ ಬಂದೂಕಿಗೂ ಒಂದು ಒಳ್ಳೆಯ ಮಾತು ಬೀಳಲೇಬೇಕು ಎಂದು ಅಂದೇ ತೀರ್ಮಾನಿಸಿದೆ.

ಮರ ಕೂರಿಸುವ ಕೂಲಿ ಬೇರೆ ಎಂದ ಅಂಗಡಿಯವನು. ಬೇಡವೆಂದು ಮನೆಗೇ ತಂದೆ. ಬಂದೂಕು ಖಾಲಿ ಇದೆಯೇ ಎಂದು ನೋಡಿ, ಮತ್ತೊಮ್ಮೆ ನೋಡಿ, ಸ್ಕ್ರೂ ಬಿಚ್ಚಿ ನಳಿಗೆಯ ಕಬ್ಬಿಣವನ್ನು ಹಳೆಯ ಮರದಿಂದ ಎತ್ತಿದೆ. ಹೊಸದರಲ್ಲಿ ಅದು ಪೂರಾ ಕೂರಲಿಲ್ಲ, ಎಲ್ಲೋ ತಾಗುತ್ತಿತ್ತು. ಕಬ್ಬಿಣಕ್ಕೆ ಹೆಂಡತಿಯ ಕಾಡಿಗೆ ಸವರಿ ಇಟ್ಟೆತ್ತಿದರೆ ತಾಗುವ ಜಾಗ ಮರದ ಮೇಲೆ ಕಪ್ಪಗೆ ಮೂಡುತ್ತದೆ. ಅಷ್ಟನ್ನೇ ಉಪ್ಪುಕಾಗದದಿಂದ ಉಜ್ಜಿದೆ.

"ಕಣ್ಣಿಗ್ ಹಚ್ಚೋದನ್ನ ಬಂದೂಕಿಗೆ ಹಚ್ತಾರೇನ್ರೀ? ನಿಮಗೇನ್ ಬಂತು!"

"ಸುಮ್ನಿರೇ, ಸಂಕ್ರಾಂತಿಗೆ ನೋಡುವಂತೆ."

ಸಂಜೆಗೆ ಮರ ಕೂತಿತು. ಹಿಂದುಗಡೆಗೆ ಹೊಸ ರಬ್ಬರು, ಹೆಗಲಿಗೆ ಹೊಸ ಪಟ್ಟಿ. ವಿಷಯ ತಿಳಿದು ಷಡ್ಡಕ ಫೋನ್ ಮಾಡಿದ. "ಅಣ್ಣಾ, ಬೋಲ್ಟಿಗೆ ಗನ್ ಆಯಿಲ್ಲೇ ಹಾಕು. ನನ್ ಹತ್ರ ಇನ್ನೊಂದ್ ಡಬ್ಬಿ ಐತೆ, ಕಳಿಸ್ತೀನಿ."

"ಬ್ಯಾಡ ಬಿಡಪ್ಪಾ. ತೆಂಗಿನ ತೋಟದೋನಿಗೆ ಎಣ್ಣೆ ದಾನ ಮಾಡಕ್ ಬರ್ಬೇಡ."

ನಮ್ಮದೇ ಕೊಬ್ಬರಿಯ ಗಾಣದೆಣ್ಣೆ ಹಾಕಿದೆ. ಬೋಲ್ಟ್ ನೀರಿನಂತೆ ಜಾರಿತು.

ಸಂಕ್ರಾಂತಿಯ ಬೆಳಿಗ್ಗೆ ತರೀಕೆರೆಯಲ್ಲಿ ಮೈ ನಡುಗುವ ಚಳಿ. ಮಾವ ನನ್ನ ರೈಫಲ್ ತೊಡೆಯ ಮೇಲಿಟ್ಟುಕೊಂಡು ಮರದ ಮೇಲೆ ಕೈಯಾಡಿಸಿದರು. "ಭೇಷ್! ಎಲ್ಲೂ ಸಂದು ಬಿಟ್ಟಿಲ್ಲ" ಎಂದು ಷಡ್ಡಕನ ಕಡೆ ತಿರುಗಿ, "ನೀನೇ ಕೂರ್ಸಿಕೊಟ್ಯಾ?" ಅಂದರು.

"ಅಯ್ಯೋ ಇಲ್ಲ ಮಾವ, ಅಣ್ಣನೇ ಕೂರ್ಸಿದ್ದು."

ಮಾವ ನಂಬದೆ ಬೋಲ್ಟ್ ಹಿಡಿದೆಳೆದರು. ಬರಲಿಲ್ಲ. ಉಸಿರು ಬಿಗಿಹಿಡಿದು ಎಳೆದರು. ಬಂತು, ಮೈತುಂಬ ಬೆಳ್ಳಗೆ ಬೆಣ್ಣೆ ಮೆತ್ತಿಕೊಂಡಂತೆ. ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿದರು. "ಹೌದ್ ಕಣೋ, ಇವನೇ ಮಾಡಿರೋದು. ಕೊಬ್ರಿ ಎಣ್ಣೆ ಹೆಪ್ಪುಗಟ್ಟೈತೆ. ತಲೆ ಬಾಚಿ ಜಡೆ ಹಾಕೋದೊಂದ್ ಬಾಕಿ!"

ಈ ಸಲವೂ ಮೊದಲು ನಕ್ಕವಳು ಅವಳೇ. ಷಡ್ಡಕ ಮಾತ್ರ ನಗಲಿಲ್ಲ. ಬೋಲ್ಟ್ ಒರೆಸಿ, ತನ್ನ ಡಬ್ಬಿಯಿಂದ ನಾಲ್ಕು ಹನಿ ಬಿಟ್ಟು, ಬಂದೂಕನ್ನು ನನ್ನ ಕೈಗಿಟ್ಟ. ನಕ್ಕಿದ್ದರೆ ವಾಸಿಯಿತ್ತು. ಆ ಒಳ್ಳೆಯತನ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ.

ನೀವು ಮನೆಯಲ್ಲಿ ಕೂರಿಸುವುದಾದರೆ ಮರ, ರಬ್ಬರು, ಪಟ್ಟಿಯಷ್ಟೇ ಮುಟ್ಟಿ. ಬೋಲ್ಟಿನ ಒಳಗಿನದು ಲೈಸೆನ್ಸ್ ಇರುವ ರಿಪೇರಿಯವನ ಕೆಲಸ. ಸೀಳಿದ ಮರಕ್ಕೆ ನನ್ನ ಹಾಗೆ ತಂತಿ ಸುತ್ತಿ ದಿನ ದೂಡಬೇಡಿ. ಚೌಕಾಸಿಯನ್ನು ಮರದ ಬೆಲೆಯಲ್ಲಿ ಮಾಡಿ, ಎಣ್ಣೆಯಲ್ಲಿ ಬೇಡ. ಷಡ್ಡಕ ಡಬ್ಬಿ ಕೊಡುತ್ತೇನೆಂದರೆ ಹಲ್ಲು ಕಚ್ಚಿಕೊಂಡಾದರೂ ಇಸಿದುಕೊಳ್ಳಿ.